ಹನ್ನೆರಡನೇ ಬಾವಿ, ನೌಬಾದ

ಮುಂಜಾನಿ ಎಂಟಕ್ಕ ನಡಕ್ಕ ಹಗ್ಗ ಕಟ್ಟಿ ಇಳೀತೀವಿ.
ಜಂಬಿಟ್ಟಿಗಿ ಕೊರೆದ ಸುರಂಗ, ಗೋಡಿಗಿ ಕೈ ಇಟ್ರ ತಂಪು.
ಮುಂದ ಖಾಸಿಂ ಮಾಮಾ, ಹಣಿಗಿ ಬ್ಯಾಟರಿ, ದವಡ್ಯಾಗ ತಂಬಾಕು.
"ನಾ ಇಟ್ಟಲ್ಲೇ ಕಾಲಿಡು" ಅಂತಾನ.
ಅಷ್ಟು ಬಿಟ್ರ ಇಡೀ ದಿನಕ್ಕ ಮಾತಿಲ್ಲ.
ಸುಲ್ತಾನರ ಕಾಲದ ಕಾಲುವಿ, ಅವರ ಮ್ಯಾಲ ಬಂದವರೆಲ್ಲರ ರಾಡಿ.
ಬುಟ್ಟಿ ತುಂಬು, ಹಗ್ಗ ಜಗ್ಗು.

ಏಳನೇ ಬಾವಿಯ ಬಾಯಾಗ ಛತ್ರಿ ಹಿಡಿದು ಸಲೋಮಿ ಟೀಚರ್.
ರಿಟೈರ್ ಆಗ್ಯಾರ; ಬುಟ್ಟಿ ಲೆಕ್ಕ ಬರೀತಾರ.
ಉಣ್ಣೋ ಹೊತ್ತಿಗಿ, ನಾವು ರೊಟ್ಟಿ, ಪುಂಡಿಪಲ್ಯಾ ಬಿಚ್ಚಿದಾಗ
"ನಿಮ್ಮ ಹಾಗೆಯೇ ನೆಲದೊಳಗೆ ಇಳಿದ
ಒಬ್ಬ ಕವಿ ಇದ್ದ, ಸಂಸೋನ" ಅಂದ್ರು.
ಇಟಲಿ. ಏಳುನೂರು ವರ್ಷದ ಹಿಂದ.
ಅವಗೂ ಮುಂದ ಒಬ್ಬ ನಡೀತಿದ್ದ, ಸತ್ತು ಸಾವಿರ ವರ್ಷಾದ ಕವಿ.
ಸ್ವರ್ಗದ ಬಾಗಿಲತನಕ ಬಂದು, ತಾನು ಒಳಗ ಬರಂಗಿಲ್ಲದಾಂವ.

ಒಂಬತ್ತರ ವಯಸ್ಸಿನಾಗ ಒಂದು ಹುಡುಗಿ ನೋಡ್ದನಂತ.
ಮತ್ತ ಒಂಬತ್ತು ವರ್ಷಕ್ಕ ಬೀದ್ಯಾಗ ಆಕಿ ನಮಸ್ಕಾರ ಅಂದ್ಲು.
ಅಷ್ಟೇ. ಆಮ್ಯಾಲ ಆಕಿ ಸತ್ಲು.
ಉಳಿದ ಬಾಳೆಲ್ಲಾ ಆ ನಮಸ್ಕಾರದ ಮ್ಯಾಲೇ ಕಟ್ಟಿದ.
"ಒಂದು ಸಲಾಂಗ ಇಷ್ಟಾ?" ಮಾಮಾ ನಕ್ಕ.
ಆಮ್ಯಾಲ ಬಾಳೊತ್ತು ಸುಣ್ಣದ ಡಬ್ಬಿ ತಿರುವ್ಯಾಡ್ದ.

"ಪಂಡಿತರ ಭಾಷೆ ಬಲ್ಲವನು. ಆದರೂ ನರಕವನ್ನು, ಸ್ವರ್ಗವನ್ನೂ
ಮೀನು ಮಾರುವವರ ಮಾತಿನಲ್ಲಿ ಬರೆದ."

ನಾ ರೊಟ್ಟಿ ಇಳಿಸಿದೆ.
ಟೀಚರ್, ಹಂಗಾದ್ರ ಮಂಗಲಪೇಟ ಸಾಲ್ಯಾಗ
'ಅದ' ಅಂದಿದ್ದಕ್ಕ ನನ್ನ ಬೆರಳಿನ ಮ್ಯಾಲ ಯಾಕ ಹೊಡದ್ರಿ?
'ಅದ ಅಲ್ಲ, ಇದೆ' ಅಂತ ಐವತ್ತು ಸಲ ಬರಸಿದ್ರಲ್ಲ?

ಛತ್ರಿ ಒಂದೀಟು ಅಲ್ಲಾಡ್ತು.
ಶೇಂಗಾ ಹಿಂಡಿ ನನ್ನ ಕಡಿ ಸರಿಸಿದ್ರು.

ಮರುದಿನ ಕಥಿ ಮುಂದುವರೀತು, ದನಿ ಸಣ್ಣಗಾಗಿತ್ತು.
ಊರವರು ಅವನ್ನ ಹೊರಗ ಹಾಕಿದ್ರು. ಬಂದ್ರ ಸುಡ್ತೀವಿ ಅಂದ್ರು.
ಇಪ್ಪತ್ತು ವರ್ಷ ಮಂದಿ ಆಸರ್ಯಾಗ ಬರೆದು, ಪರ ಊರಾಗ ಸತ್ತ.
ಆಮ್ಯಾಲ ಅದೇ ಊರು ಎಲುಬು ಕೊಡ್ರಿ ಅಂತ ಕೈ ಒಡ್ತು.
ಗೋರಿ ತಗದ್ರ ಖಾಲಿ; ಅಲ್ಲಿಯ ಸನ್ಯಾಸಿಗಳು ಮುಚ್ಚಿಟ್ಟಿದ್ರಂತ.
ಇವರು ತಮ್ಮೂರಾಗ ಭಾರೀ ಗೋರಿ ಕಟ್ಟಿದ್ರು, ಒಳಗ ಬರೇ ಗಾಳಿ.
"ನಮ್ಮ ಅಷ್ಟೂರಿನ್ಯಾಗ ಸುಲ್ತಾನ್ರಾದ್ರೂ ಮಲಗ್ಯಾರ" ಅಂದ ಮಾಮಾ.

ಅವನ ಕೊನೀ ಹಾಡು ಯಾರಿಗೂ ಸಿಗಲಿಲ್ಲ.
ಮಗನ ಕನಸಿನ್ಯಾಗ ಬಂದು ಗೋಡಿ ತೋರಿಸಿದನಂತ;
ಚಾಪಿ ಸರಿಸಿದ್ರ ಗೂಡು, ಬೂಸ್ಟು ಹಿಡಿದ ಹಾಳಿ.

ಶ್ರಾವಣದಾಗ ಖಾಸಿಂ ಮಾಮಾ ದಮ್ಮಿನಿಂದ ಹೋದ.
ನನಗ ಕನಸೇನೂ ಬೀಳಲಿಲ್ಲ, ಸುಳ್ಳ್ಯಾಕ ಹೇಳ್ಲಿ.
ಹನ್ನೊಂದನೇ ಬಾವಿ ಕೆಳಗ ದೀಪದ ಗೂಡು ಕೆರೀಲತ್ತಿದ್ದೆ,
ಕೈಗಿ ತಂಬಾಕಿನ ಡಬ್ಬಿ ಬಂತು.
ಒಳಗ ಮಡಚಿದ ಹಾಳಿ, ಬಲದಿಂದ ಎಡಕ್ಕ ಹರಿಯೋ ಅಕ್ಷರ.
ನನಗ ಬರಂಗಿಲ್ಲ. ಟೀಚರಿಗೂ ಬರಂಗಿಲ್ಲ.
ಮಾಮಾನ ಮಗಳು ಮುನವ್ವರ, ಹಿಟ್ಟಿನ ಕೈಲೇ ಹಿಡಿದು ಓದಿದ್ಲು.

ಕೆಳಗ ಇಳಿದವರ ಹೆಸರು. ಯಾರು, ಯಾವ ಬಾವಿ, ಎಷ್ಟು ಬುಟ್ಟಿ.
ಝರಣಪ್ಪ, ಮೂರನೇದು, ಕೈ ಮುರಿದುಕೊಂಡ.
ಲಾಡ್ಲೇಸಾಬ, ಐದು, ಹಾವು ಕಂಡು ಮತ್ತ ಬರಲಿಲ್ಲ.
ತುಕ್ಕಮ್ಮ, ಮ್ಯಾಲಿನ ಹಗ್ಗ, ಕೂಲಿ ಬಾಕಿ.
ಕೊನೀಗಿ ಶಮ್ಸೂನ್. ಏಳರಿಂದ ಮುಂದ.
ಕಾಲು ಸರಿಯಾಗಿ ಇಡ್ತಾನ.

"ಅಬ್ಬಾಗ ಪುಸ್ತಕದ ಉರ್ದು ಬರ್ತಿದ್ದಿಲ್ಲ,
ಮನಿ ಮಾತಿನಾಗೇ ಗೀಚ್ಯಾರ" ಅಂತ ಮುನವ್ವರ ನಾಚಿದ್ಲು.
ಟೀಚರ್ ಲೆಕ್ಕದ ಪುಸ್ತಕದಾಗ ಹಂಗೇ ಇಳಿಸಿಕೊಂಡ್ರು,
ಶಮ್ಸೂನನ್ನೂ ತಿದ್ದಲಿಲ್ಲ.

ಬಾವಿ ತಳದಾಗ ನಿಂತ್ರ ಹಗಲಾಗೂ ಚಿಕ್ಕಿ ಕಾಣ್ತಾವ ಅಂತಾರ ಮಂದಿ.
ಎರಡು ವರ್ಷ ನೋಡೀನಿ:
ಪಾರಿವಾಳ, ತರಬೇತಿ ವಿಮಾನದ ಬಾಲ, ಆ ಛತ್ರಿ.

ಇವತ್ತ ಹನ್ನೆರಡನೇದರಾಗ ಮುಂದ ಯಾರೂ ಇಲ್ಲ.
ಕಾಲು ಇಟ್ಟೆ, ಬೆರಳಿನ ಸಂದ್ಯಾಗ ತಣ್ಣಗಾತು.
"ನೀರು ಅದ!" ಅಂತ ಒದರಿದೆ.
ಸುರಂಗ ಎರಡು ಸಲ ಹೇಳ್ತು.

ಮ್ಯಾಲಿಂದ, ಒಂದಿಷ್ಟು ಹೊತ್ತು ಬಿಟ್ಟು,
"ಎಷ್ಟು ಅದ?"